ಮನೆಯ ಓದಿಗೆ ಚರಿತ್ರೆ: ಆಯ್ಕೆಯ ವಿವೇಕ

ಮುಂಗಾರು ಕಾಲಿಟ್ಟಿತೆಂದರೆ ರಾಯಬಾಗದ ಸೀಮೆಯಲ್ಲಿ ಬದುಕಿನ ಗತಿಯೇ ಬದಲಾಗುತ್ತದೆ. ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ತಣ್ಣಗಿರುತ್ತವೆ. ಕಬ್ಬು ಹೊಲದಲ್ಲಿ ತನ್ನಷ್ಟಕ್ಕೆ ತಾನು ಬೆಳೆಯುತ್ತಿರುತ್ತದೆ. ಶ್ರಾವಣ ಬಂದರೆ ಊರೂರಿನ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಮತ್ತೊಬ್ಬರು ಅರ್ಥ ಹೇಳುತ್ತಾರೆ, ಊರೆಲ್ಲ ಕುಳಿತು ಕೇಳುತ್ತದೆ. ಓದನ್ನು ಹೀಗೆ ಒಂದು ಋತುವಿಗೆ ಕಟ್ಟಿಕೊಂಡು, ಹತ್ತು ಜನರ ನಡುವೆ ಇಟ್ಟುಕೊಂಡು ಬಂದಿರುವುದು ನಮ್ಮ ನಾಡಿನ ಹಳೆಯ ಸಂಪ್ರದಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಈ ನಾಲ್ಕು ತಿಂಗಳ ಬಿಡುವು ನಮ್ಮ ಕುಟುಂಬಗಳಿಗೂ ಉಂಟು. ಆ ಬಿಡುವಿನಲ್ಲಿ ಏನನ್ನು ಓದಬೇಕು ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ನಮ್ಮ ಮನೆಗಳಲ್ಲಿ ಪುಸ್ತಕಗಳೇ ಇಲ್ಲವೆಂದಲ್ಲ. ಬೈಬಲ್, ಜಪದ ಪುಸ್ತಕಗಳ ಪಕ್ಕದಲ್ಲಿ ಮೊದಲ ಪರಮಪ್ರಸಾದದ ದಿನ ಉಡುಗೊರೆಯಾಗಿ ಬಂದ ಒಬ್ಬ ಸಂತರ ಚರಿತ್ರೆ ಇರುತ್ತದೆ; ಶಾಲೆಯ ಬಹುಮಾನವಾಗಿ ಬಂದ ಒಂದೆರಡು ಮಹಾಪುರುಷರ ಕಿರುಜೀವನಗಳು ಇರುತ್ತವೆ. ಇವು ಬಂದದ್ದು ಬೇರೆಯವರ ಆಯ್ಕೆಯಿಂದ. ಕಥೆ, ಕವನ ಕೊಳ್ಳುವಾಗ ನಾವು ಒಂದಿಷ್ಟು ಪುಟ ತಿರುವಿ ನೋಡುತ್ತೇವೆ. ಚರಿತ್ರೆ ಮತ್ತು ಜೀವನಚರಿತ್ರೆಗಳ ವಿಷಯದಲ್ಲಿ ಮಾತ್ರ, ರಕ್ಷಾಪುಟದ ಮೇಲಿನ ಹೆಸರು ದೊಡ್ಡದಾಗಿದ್ದರೆ ಸಾಕು, ಒಳಗಿರುವುದೂ ನಿಜವೇ ಇರಬೇಕೆಂದು ನಂಬಿಬಿಡುತ್ತೇವೆ. ಇದರ ನಡುವೆ, ಪುಸ್ತಕವನ್ನೇ ಮುಟ್ಟದ ಮಕ್ಕಳಿಗೆ ಮೊಬೈಲಿನಲ್ಲಿ ಹರಿದು ಬರುವ ತುಣುಕುಗಳೇ ಚರಿತ್ರೆಯಾಗುತ್ತಿವೆ. ಆ ತುಣುಕುಗಳಲ್ಲಿ ನೆರೆಯವನು ಒಂದೋ ವೀರ, ಇಲ್ಲವೇ ದ್ರೋಹಿ. ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಸಂತೆಯಲ್ಲಿ ಆಡುವ, ಲಿಂಗಾಯತ, ಜೈನ, ಮುಸ್ಲಿಂ, ದಲಿತ, ಕ್ರೈಸ್ತ ಮನೆಗಳು ಒಂದೇ ಓಣಿಯಲ್ಲಿರುವ ಈ ಗಡಿ ಸೀಮೆಯಲ್ಲಿ ಅಂಥ ಚರಿತ್ರೆಗೆ ನಾವು ತೆರುವ ಬೆಲೆ ಸಣ್ಣದಲ್ಲ. ಆದುದರಿಂದ ಒಂದು ಮಳೆಗಾಲಕ್ಕೆ ಯಾವ ಪುಸ್ತಕಗಳನ್ನು ಆರಿಸಬೇಕು, ಏತಕ್ಕೆ ಆರಿಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ವಿವೇಚಿಸಲಾಗಿದೆ.

ಊರಿನಿಂದ ಆರಂಭ

ಒಂದು ಚರಿತ್ರೆಯ ಪುಸ್ತಕವನ್ನು ಅಳೆಯಲು ಬಹು ಸುಲಭವಾದ ಅಳತೆಗೋಲು ನಮ್ಮ ಕೈಯಲ್ಲೇ ಇದೆ; ಅದು ನಮ್ಮ ಊರು. ರಾಯಬಾಗದ ಹಳೆಯ ಹೆಸರು ಹೂವಿನಬಾಗೆ. ಸವದತ್ತಿಯಿಂದ, ಆಮೇಲೆ ಬೆಳಗಾವಿಯಿಂದ ಆಳಿದ ರಟ್ಟರ ರಾಜ್ಯಕ್ಕೆ ಇದು ಸೇರಿತ್ತು. ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಇದೊಂದು ಪೇಟೆಯೂರು. ಅನಂತರ ಕೊಲ್ಹಾಪುರ ಸಂಸ್ಥಾನದ ಪಾಲಾಯಿತು. 1949ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಬೆಳಗಾವಿ ಜಿಲ್ಲೆಗೆ ಬಂದಿತು. 1956ರ ನವೆಂಬರ್ 1ರಂದು ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಸೇರಿತು. ಹತ್ತಿರದ ಚಿಕ್ಕೋಡಿ, ಅಥಣಿಗಳು ಅದೇ ಕಾಲದಲ್ಲಿ ಬ್ರಿಟಿಷರ ನೇರ ಆಡಳಿತದಲ್ಲಿದ್ದವು. ಅಂದರೆ ಅಕ್ಕಪಕ್ಕದ ಹೊಲಗಳ ಒಡೆಯರಿಬ್ಬರು ಎರಡು ಬೇರೆ ಸರಕಾರಗಳಿಗೆ ಕಂದಾಯ ಕಟ್ಟುತ್ತಿದ್ದರು.

ಇದರ ಫಲವನ್ನು ಗ್ರಂಥಾಲಯದಲ್ಲಿ ಕಾಣಬಹುದು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬೆಳಗಾವಿ ಗೆಜೆಟಿಯರನ್ನು ತೆರೆದು ರಾಯಬಾಗವನ್ನು ಹುಡುಕುವವರಿಗೆ ನಿರಾಶೆಯೇ ಗತಿ. 1886ರ ಕೊಲ್ಹಾಪುರ ಸಂಪುಟವನ್ನೇ ತೆರೆಯಬೇಕು. ಕರ್ನಾಟಕ ಸರಕಾರದ ಬೆಳಗಾವಿ ಜಿಲ್ಲಾ ಗೆಜೆಟಿಯರು 1987ರಲ್ಲಿ ಬಂದ ಮೇಲೆ ಈ ಹರಿದ ಪುಟಗಳು ಒಂದೆಡೆ ಸೇರಿದವು. ಮೈಸೂರಿನ ಒಡೆಯರನ್ನೂ ವಿಜಯನಗರವನ್ನೂ ನಡುವಿನಲ್ಲಿಟ್ಟು ಬರೆದ ನಾಡಿನ ಚರಿತ್ರೆಯನ್ನು ಓದಿದ ನಮ್ಮ ಮಕ್ಕಳಿಗೆ ತಮ್ಮ ತಾತ ಯಾವ ರಾಜನ ಪ್ರಜೆಯಾಗಿದ್ದರು ಎಂಬುದು ತಿಳಿಯುವುದಿಲ್ಲ. ಪುಸ್ತಕ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದು ಯಾವ ಕಿಟಕಿಯಿಂದ ನೋಡಿದೆ ಎಂಬುದನ್ನು ಅರಿತು ಓದಬೇಕು, ಅಷ್ಟೆ.

ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಪ್ರಕಟವಾಯಿತು. ಉತ್ತರ ಕರ್ನಾಟಕದ ಕನ್ನಡಿಗರು ತಮ್ಮ ನುಡಿಯ ಬಗ್ಗೆ ಕೀಳರಿಮೆಯಿಂದ ಬಾಗಿದ್ದ ದಿನಗಳಲ್ಲಿ ಅವರ ಬೆನ್ನು ನೇರವಾಗಿಸಿದ ಪುಸ್ತಕವಿದು. ಆ ಉಪಕಾರವನ್ನು ಮರೆಯಲಾಗದು. ಆದರೆ ಅದರ ಉದ್ದೇಶ ಎಚ್ಚರಿಸುವುದು. ಆದಕಾರಣ ಅಲ್ಲಿ ರಾಜಧಾನಿಗಳಿವೆ, ದಿಗ್ವಿಜಯಗಳಿವೆ, ದೇವಾಲಯಗಳಿವೆ. ಆ ದೇವಾಲಯಕ್ಕೆ ಕಲ್ಲು ಹೊತ್ತವನು ಹಿನ್ನೆಲೆಗೆ ಸರಿದಿದ್ದಾನೆ. ಇದರೊಡನೆ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ವನ್ನು (1966) ಇಟ್ಟುಕೊಂಡರೆ ಓದು ತುಂಬಿ ಬರುತ್ತದೆ. ಅದೇ ಶಾಸನಗಳನ್ನು ಇವರೂ ಓದಿದ್ದಾರೆ. ಆದರೆ ದತ್ತಿ, ಧರ್ಮ, ವೀರಗಲ್ಲು, ಮಾಸ್ತಿಕಲ್ಲು, ಊರಿನ ವ್ಯವಹಾರಗಳ ಮೂಲಕ ಆ ಕಾಲದ ಜನರ ಬದುಕನ್ನು ಕಾಣಿಸುತ್ತಾರೆ. ಮೊದಲನೆಯದು ಅಭಿಮಾನವನ್ನು ಕೊಡುತ್ತದೆ, ಎರಡನೆಯದು ಅರಿವನ್ನು. ಅಭಿಮಾನವೊಂದನ್ನೇ ಉಂಡು ಬೆಳೆದ ಮಗುವಿಗೆ ನೆರೆಯವನ ಅಭಿಮಾನ ಸಹಿಸದಂತಾಗುತ್ತದೆ. ಆದ್ದರಿಂದ ಎರಡನೆಯ ಪುಸ್ತಕ ಕಷ್ಟವೆನಿಸಿದರೂ ದಿನಕ್ಕೆ ಕೆಲವೇ ಪುಟಗಳಂತೆ ಹಿರಿಯರು ಓದಿ ಮಕ್ಕಳಿಗೆ ಹೇಳುವುದು ಲೇಸು.

ಲಾವಣಿ, ದಫ್ತರ, ಸಿನಿಮಾ

ನಮ್ಮ ಜಿಲ್ಲೆಯ ಮಕ್ಕಳೆಲ್ಲ ಬಲ್ಲ ಚರಿತ್ರೆಯೆಂದರೆ ಕಿತ್ತೂರಿನದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಬಂಧಿಯಾಗಿ 1829ರಲ್ಲಿ ತೀರಿಕೊಂಡರು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇಷ್ಟು ಸಂಗತಿಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆದರೆ ಇವುಗಳ ಸುತ್ತ ಮೂರು ಬಗೆಯ ಬರಹ ಬೆಳೆದಿದೆ.

ಮೊದಲನೆಯದು ಸರಕಾರಿ ದಫ್ತರ. ಅದರಲ್ಲಿ ತಾರೀಖು, ಸಿಪಾಯಿಗಳ ಲೆಕ್ಕ, ವಶಪಡಿಸಿಕೊಂಡ ಸೊತ್ತಿನ ಲೆಕ್ಕ ಕಟ್ಟುನಿಟ್ಟಾಗಿರುತ್ತವೆ. ಆದರೆ ಬರೆದವರು ಗೆದ್ದವರು. ಎರಡನೆಯದು ಲಾವಣಿ. ಕನ್ನಡ ಜಿಲ್ಲೆಗಳ ರಾಜಮನೆತನಗಳ ಚರಿತ್ರೆಯನ್ನು ಬರೆದ ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ 1885ರಿಂದ ಮುಂದಕ್ಕೆ ಕೆಲವು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಹಲಗಲಿಯ ಬೇಡರ ಲಾವಣಿಯೂ ಅವುಗಳಲ್ಲಿ ಸೇರಿವೆ. ತನ್ನ ಸರಕಾರದ ವಿರುದ್ಧ ಎದ್ದವರನ್ನು ಹೊಗಳುವ ಹಾಡುಗಳನ್ನು ಆ ಸರಕಾರದ ನೌಕರನೇ ಉಳಿಸಿಕೊಟ್ಟದ್ದು ಗಮನಿಸತಕ್ಕ ಮಾತು. ಲಾವಣಿಯಲ್ಲಿ ತಾರೀಖು ತಪ್ಪಬಹುದು. ಆದರೆ ಜನ ಆ ಘಟನೆಯನ್ನು ಹೇಗೆ ಹೊಟ್ಟೆಗೆ ಹಾಕಿಕೊಂಡರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮೂರನೆಯದು ನಾಟಕ, ಸಿನಿಮಾ. 1961ರ 'ಕಿತ್ತೂರು ಚೆನ್ನಮ್ಮ' ಮತ್ತು 2012ರ 'ಸಂಗೊಳ್ಳಿ ರಾಯಣ್ಣ' ಚಿತ್ರಗಳ ಸಂಭಾಷಣೆಗಳನ್ನು ನಮ್ಮ ಹುಡುಗರು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಅವು ರಂಜನೆಗಾಗಿ, ಸ್ಫೂರ್ತಿಗಾಗಿ ಬರೆದ ಮಾತುಗಳು. ರಾಣಿಯ ಬಾಯಿಂದ ಬಂದವೆಂದು ದಾಖಲೆಗಳೇನೂ ಹೇಳುವುದಿಲ್ಲ.

ಮನೆಗೆ ಕಿತ್ತೂರಿನ ಪುಸ್ತಕವೊಂದನ್ನು ತರುವವರು ಈ ಮೂರನ್ನೂ ಬೇರೆ ಬೇರೆಯಾಗಿ ಇರಿಸಿದ ಪುಸ್ತಕವನ್ನೇ ತರಬೇಕು. ಲಾವಣಿಯ ಮಾತನ್ನು ಲಾವಣಿಯದೆಂದು, ದಫ್ತರದ ಮಾತನ್ನು ದಫ್ತರದ್ದೆಂದು ಹೇಳದೆ ಎಲ್ಲವನ್ನೂ ಒಂದೇ ಪಾಕಕ್ಕೆ ಇಳಿಸಿದ ಬರಹದಲ್ಲಿ ಯಾವುದು ಬೆಲ್ಲ, ಯಾವುದು ಕಲ್ಲು ಎಂದು ತಿಳಿಯದೆ ಹೋಗುತ್ತದೆ. ಬೆಳವಡಿ ಮಲ್ಲಮ್ಮನ ಕಥೆಯೂ ಹೀಗೆಯೇ. 1678ರ ಸುಮಾರಿಗೆ ಶಿವಾಜಿಯ ಸೈನ್ಯವನ್ನು ತಡೆದು ನಿಂತ ಈ ವೀರ ಮಹಿಳೆ ನಮ್ಮವರ ಬಾಯಲ್ಲಿ ಮಲ್ಲಮ್ಮ. ಜದುನಾಥ ಸರ್ಕಾರರ ಶಿವಾಜಿ ಚರಿತ್ರೆಯಲ್ಲಿ ಸಾವಿತ್ರೀಬಾಯಿ. ಹೆಸರು ಎರಡಾದ ಮಾತ್ರಕ್ಕೆ ಒಂದು ಪಕ್ಷ ಸುಳ್ಳು ಹೇಳಿತೆಂದು ಕೂಗಾಡಬೇಕಿಲ್ಲ. ಎರಡೂ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಓದುವ ತಾಳ್ಮೆ ಇದ್ದರೆ ಗಡಿಯ ಎರಡೂ ಕಡೆಯ ಜನ ತಮ್ಮ ಹಿಂದಿನವರನ್ನು ಹೇಗೆ ನೆನೆದರು ಎಂಬುದು ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಮರಾಠಿ ಓದಬಲ್ಲ ಅಜ್ಜ, ಅಜ್ಜಿಯರು ಇನ್ನೂ ಇದ್ದಾರೆ. ಹೊರಗಿನವರಿಗೆ ದೊರೆಯದ ಅನುಕೂಲವಿದು.

ಒಬ್ಬ ರಾಜ, ಇಬ್ಬರು ಚರಿತ್ರಕಾರರು

ರಾಯಬಾಗದ ಹಿರಿಯರ ಮಹಾರಾಜರಾಗಿದ್ದವರು ಕೊಲ್ಹಾಪುರದ ಶಾಹು ಛತ್ರಪತಿ (1874-1922). 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ರಷ್ಟನ್ನು ಹಿಂದುಳಿದ ಸಮುದಾಯಗಳಿಗೆ ಕಾದಿರಿಸಿದವರು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಹೊರಟವರು, 1920ರ ಮಾಣಗಾವ ಪರಿಷತ್ತಿನಲ್ಲಿ ತರುಣ ಅಂಬೇಡ್ಕರರನ್ನು ದಲಿತರ ನಾಯಕರೆಂದು ಎತ್ತಿ ಹಿಡಿದವರು. ಅವರ ಬಗ್ಗೆ ಎರಡು ಪ್ರಮುಖ ಜೀವನಚರಿತ್ರೆಗಳು ಇಂಗ್ಲಿಷಿನಲ್ಲಿವೆ. ಅಣ್ಣಾಸಾಹೇಬ ಲಠ್ಠೆಯವರದು 1924ರಲ್ಲಿ, ಮಹಾರಾಜರು ತೀರಿಕೊಂಡ ಎರಡೇ ವರ್ಷಕ್ಕೆ ಬಂದಿತು. ಧನಂಜಯ ಕೀರರದು 1976ರಲ್ಲಿ ಬಂದಿತು.

ಲಠ್ಠೆಯವರು ಮಹಾರಾಜರನ್ನು ಹತ್ತಿರದಿಂದ ಬಲ್ಲವರು. ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಡಾಂಬರು ಬಳಿದ 1914ರ ಪ್ರಕರಣದಲ್ಲಿ ಸಂಸ್ಥಾನದ ಸಂಶಯಕ್ಕೆ ಗುರಿಯಾಗಿ ತೊಂದರೆಪಟ್ಟವರೂ ಅವರೇ. ತನಗೆ ನೋವುಂಟುಮಾಡಿದ ಆಡಳಿತದ ಒಡೆಯನ ಗುಣವನ್ನು ಗುರುತಿಸಿ ಬರೆಯುವುದು ಸಾಮಾನ್ಯವಾದ ಮಾತಲ್ಲ. ಹತ್ತಿರವಿದ್ದವರ ಬರಹದಲ್ಲಿ ಮನುಷ್ಯನ ಉಸಿರು ಕೇಳಿಸುತ್ತದೆ. ಆದರೆ ಸಮಕಾಲೀನರು ಬದುಕಿರುವಾಗ ಎಲ್ಲವನ್ನೂ ಬರೆಯುವ ಸ್ವಾತಂತ್ರ್ಯ ಇರುವುದಿಲ್ಲ. ಕೀರರು ಅಂಬೇಡ್ಕರ್ ಮತ್ತು ಜ್ಯೋತಿಬಾ ಫುಲೆಯವರ ಚರಿತ್ರೆಗಳನ್ನೂ ಬರೆದವರು. ಅರ್ಧ ಶತಮಾನದ ದೂರದಲ್ಲಿ ನಿಂತದ್ದರಿಂದ ಶಾಹು ಮಹಾರಾಜರನ್ನು ಒಂದು ದೊಡ್ಡ ಚಳವಳಿಯ ನಡುವೆ ಇಟ್ಟು ತೋರಿಸಲು ಅವರಿಗೆ ಸಾಧ್ಯವಾಯಿತು. ಹತ್ತಿರದ ಸಾಕ್ಷಿ ಒಂದು, ದೂರದ ತೂಕ ಒಂದು. ಯಾವ ದೊಡ್ಡ ಬಾಳಿಗೂ ಇವೆರಡು ಬೇಕು. ಇಷ್ಟಾಗಿಯೂ ಒಂದು ಕೊರತೆ ಉಳಿಯುತ್ತದೆ. ಮರಾಠಿಯಲ್ಲಿ ಆಡಳಿತ ನಡೆದ ಆ ಸಂಸ್ಥಾನದಲ್ಲಿ ಕನ್ನಡ ಆಡುವ ರಾಯಬಾಗದ ರೈತ ಮಹಾರಾಜರ ಕಡ್ಡಾಯ ಶಿಕ್ಷಣವನ್ನು ಹೇಗೆ ಕಂಡ ಎಂಬುದು ಕೊಲ್ಹಾಪುರವನ್ನು ನಡುವಿನಲ್ಲಿಟ್ಟು ಬರೆದ ಪುಸ್ತಕಗಳಿಂದ ತಿಳಿಯುವಂಥದ್ದಲ್ಲ. ಅದನ್ನು ಬರೆಯುವ ಹೊಣೆ ಈ ಸೀಮೆಯ ಓದುಬಲ್ಲವರದೇ.

ಸಂತರ ಚರಿತ್ರೆಯೂ ವಿಮರ್ಶೆಯೂ

ಇನ್ನು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಓದುವ ಸಂತರ ಚರಿತ್ರೆಗಳ ಮಾತು. ಇವುಗಳನ್ನು ವಿಮರ್ಶಿಸುವುದು ಭಕ್ತಿಗೆ ವಿರುದ್ಧವೆಂದು ಕೆಲವರು ತಿಳಿಯುತ್ತಾರೆ. ಧರ್ಮಸಭೆಯ ಅನುಭವ ಬೇರೆಯೇ ಇದೆ. ಬೊಲ್ಲಾಂಡಿಸ್ಟರೆಂದು ಹೆಸರಾದ ಯೇಸುಸಭೆಯ ವಿದ್ವಾಂಸರು 1643ರಿಂದಲೇ ಸಂತರ ಚರಿತ್ರೆಗಳ ಹಸ್ತಪ್ರತಿಗಳನ್ನು ಹೋಲಿಸಿ, ದಂತಕಥೆಯನ್ನು ದಾಖಲೆಯಿಂದ ಬೇರ್ಪಡಿಸಿ ಸಂಪುಟಗಳನ್ನು ಹೊರತರಲು ಆರಂಭಿಸಿದರು. ವಿಶ್ವಗುರು ಹದಿಮೂರನೆಯ ಲಿಯೋ 1881ರಲ್ಲಿ ವ್ಯಾಟಿಕನ್ನಿನ ದಾಖಲೆಗಳ ಭಂಡಾರವನ್ನು ವಿದ್ವಾಂಸರಿಗೆ ತೆರೆದರು. 1969ರಲ್ಲಿ ಸಂತರ ಪಂಚಾಂಗವನ್ನು ಪರಿಷ್ಕರಿಸಿದಾಗ ಚರಿತ್ರೆಯ ಆಧಾರ ತೆಳುವಾಗಿದ್ದ ಕೆಲವು ಹಬ್ಬಗಳನ್ನು ಸಾರ್ವತ್ರಿಕ ಪಂಚಾಂಗದಿಂದ ಕೈಬಿಡಲಾಯಿತು. ನಂಬಿಕೆಗೆ ನಿಜವೇ ಆಸರೆ ಎಂಬ ಎಚ್ಚರ ಈ ಕಾರ್ಯಗಳ ಹಿಂದಿದೆ.

ಅದಕ್ಕೂ ಮೊದಲಿನ ಮಾದರಿ ಶುಭಸಂದೇಶಗಳಲ್ಲಿಯೇ ಇದೆ. ಒಂದೇ ಬಾಳಿನ ನಾಲ್ಕು ಬರಹಗಳನ್ನು ಧರ್ಮಸಭೆ ಉಳಿಸಿಕೊಂಡಿತು. ನಾಲ್ಕನ್ನೂ ಕಲಸಿ ಒಂದು ಮಾಡಬೇಕೆಂಬ ಯತ್ನ ಹಿಂದೆ ನಡೆದಿತ್ತಾದರೂ ಅದು ನಿಲ್ಲಲಿಲ್ಲ. ಕಣ್ಣಾರೆ ಕಂಡವರಿಂದ ಕೇಳಿ, ಆಮೂಲಾಗ್ರವಾಗಿ ವಿಚಾರಿಸಿ, ಕ್ರಮವಾಗಿ ಬರೆಯುತ್ತಿರುವುದಾಗಿ ಸಂತ ಲೂಕರು ತಮ್ಮ ಮುನ್ನುಡಿಯಲ್ಲಿಯೇ ತಿಳಿಸುತ್ತಾರೆ. ಧರ್ಮಸಭೆಯ ಮೊದಲ ನಾಯಕರಾದ ಪೇತ್ರರು ಮೂರು ಬಾರಿ ಸುಳ್ಳಾಡಿದ್ದನ್ನು ನಾಲ್ಕೂ ಬರಹಗಳು ಹೇಳುತ್ತವೆ, ಯಾರೂ ಮುಚ್ಚಿಡಲಿಲ್ಲ. ಹಳೆಯ ಒಡಂಬಡಿಕೆ ದಾವೀದನ ಪಾಪವನ್ನು ಅವನ ಕೀರ್ತನೆಗಳ ಮರೆಯಲ್ಲಿ ಅಡಗಿಸಲಿಲ್ಲ. ಇಂಥ ಗ್ರಂಥವನ್ನು ದಿನವೂ ಓದುವ ಮನೆಗಳು, ಹುಟ್ಟಿದಂದಿನಿಂದ ಒಮ್ಮೆಯೂ ಎಡವದ ಮಹಾಪುರುಷರ ಕಥೆಗಳಿಗೆ ತೃಪ್ತಿಪಡುವುದು ವಿಚಿತ್ರವೇ ಸರಿ.

ಎರಡು ಉದಾಹರಣೆಗಳನ್ನು ನೋಡೋಣ. ಪುಟ್ಟ ಪುಷ್ಪವೆಂದು ನಾವು ಕರೆಯುವ ಲಿಸಿಯುವಿನ ಸಂತ ತೆರೇಸಾ ಅವರ ಆತ್ಮಕಥೆ ಅವರು ತೀರಿಕೊಂಡ ಮರುವರ್ಷ, 1898ರಲ್ಲಿ ಪ್ರಕಟವಾಯಿತು. ಅವರ ಅಕ್ಕನೇ ಅದನ್ನು ತಿದ್ದಿ, ಕೆಲವೆಡೆ ಬಿಟ್ಟು, ಕೆಲವೆಡೆ ಮೃದುಗೊಳಿಸಿ ಸಿದ್ಧಪಡಿಸಿದ್ದರು. ಅವರು ಬರೆದಂತೆಯೇ ಇರುವ ಮೂಲ ಬರಹ ಲೋಕದ ಕೈಗೆ ಬಂದದ್ದು 1956ರಲ್ಲಿ. ಕೋಲ್ಕತ್ತದ ಮದರ್ ತೆರೇಸಾ (1910-1997) ತಮ್ಮ ಆತ್ಮೀಯ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ, ಹಲವು ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದ ಕತ್ತಲಲ್ಲಿ ಅವರು ನಡೆದಿದ್ದರೆಂದು ತಿಳಿಯಿತು. ಆ ಪತ್ರಗಳು ಬಂದದ್ದರಿಂದ ಅವರ ಮಹಿಮೆ ಕುಂದಲಿಲ್ಲ. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಮನೆಯಲ್ಲಿ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಂಡು, ಪ್ರಾರ್ಥನೆಯೂ ಬಾಯಿಗೆ ಬರದೆ ಬಳಲಿದ ತಾಯಿಗೆ, ಸದಾ ನಗುತ್ತಿದ್ದ ಸಂತರ ಚಿತ್ರಕ್ಕಿಂತ ಈ ಪತ್ರಗಳು ಹೆಚ್ಚಿನ ಆಸರೆ ಕೊಟ್ಟಾವು. ಅಂಗಡಿಯಲ್ಲಿ ಅವರ ಎರಡು ಚರಿತ್ರೆಗಳು ಕಂಡರೆ ಈ ಕತ್ತಲನ್ನು ಹೇಳುವ ಪುಸ್ತಕವನ್ನೇ ಕೊಳ್ಳಬೇಕು.

ಪಂಡಿತಾ ರಮಾಬಾಯಿಯವರ (1858-1922) ವಿಷಯವೂ ಹಾಗೆಯೇ. ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಈ ವಿದುಷಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ದೀಕ್ಷೆಯ ಅನಂತರ ಅವರು ಶಾಂತರಾಗಿ ಹೇಳಿದಂತೆ ನಡೆದರೆಂದು ಬರೆಯುವ ಚಿಕ್ಕ ಪುಸ್ತಕಗಳಿಗೆ ಕೊರತೆಯಿಲ್ಲ. 1977ರಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ ಕಾಣುವವರು ಬೇರೆ ಒಬ್ಬ ಹೆಣ್ಣುಮಗಳು. ತಮಗೆ ಆಶ್ರಯ ಕೊಟ್ಟ ಕನ್ಯಾಸ್ತ್ರೀಯರೊಡನೆ ವಿಶ್ವಾಸದ ಸೂತ್ರಗಳ ಬಗ್ಗೆ, ವಿಧೇಯತೆಯ ಮಿತಿಯ ಬಗ್ಗೆ ಅವರು ನಿರ್ಭಯವಾಗಿ ವಾದಿಸುತ್ತಾರೆ. ಆ ವಾದವನ್ನು ತೆಗೆದುಹಾಕಿದ ಚರಿತ್ರೆ ರಮಾಬಾಯಿಯವರನ್ನು ಕಿರಿದುಗೊಳಿಸುತ್ತದೆ. ನಮ್ಮ ಹೆಣ್ಣುಮಕ್ಕಳ ಕೈಗೆ ಕೊಡುವ ಪುಸ್ತಕವನ್ನು ಈ ಒರೆಗೆ ಹಚ್ಚಿ ನೋಡಬೇಕು.

ಮರೆಗೆ ಸರಿದವರು

ಧರ್ಮಪ್ರಚಾರಕರ ಚರಿತ್ರೆಗಳಲ್ಲಿ ಒಂದು ಸಾಮಾನ್ಯ ದೋಷವಿದೆ. ಮುಖ್ಯ ವ್ಯಕ್ತಿಯ ಮೇಲೆ ಬಿದ್ದ ಬೆಳಕು ಅವರ ಪಕ್ಕದಲ್ಲಿದ್ದವರನ್ನು ಕತ್ತಲಿಗೆ ತಳ್ಳುತ್ತದೆ. ಗೋವೆಯಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜರು (1651-1711) 1681ರಿಂದ ಕೆಲವು ವರ್ಷ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿ, 1687ರಲ್ಲಿ ವೇಷ ಮರೆಸಿಕೊಂಡು ಶ್ರೀಲಂಕೆಗೆ ಹೋದರು. 2015ರಲ್ಲಿ ಸಂತಪದವಿ ಪಡೆದರು. ಆ ಅಪಾಯದ ಪಯಣದಲ್ಲಿ ಜಾನ್ ಎಂಬ ಸೇವಕ ಜೊತೆಗಿದ್ದ. ಅವನ ಬಗ್ಗೆ ಹೆಚ್ಚಿನ ಪುಸ್ತಕಗಳು ಒಂದೆರಡು ವಾಕ್ಯಗಳಿಗೆ ಮೇಲೆ ಹೋಗುವುದಿಲ್ಲ. ಮಿರಜಿನ ಮಿಷನ್ ಆಸ್ಪತ್ರೆಯನ್ನು ಕಟ್ಟಿದ ವೈದ್ಯ ವಿಲಿಯಂ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಬಂದವರು. 1932ರಲ್ಲಿ ತಮ್ಮ ಕೆಲಸದ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರು. ನಮ್ಮ ಸೀಮೆಯಲ್ಲಿ ಕಾಯಿಲೆ ಕೈಮೀರಿದರೆ ಮಿರಜಿಗೆ ಒಯ್ಯುವ ರೂಢಿ ತಲೆಮಾರುಗಳಿಂದ ಬಂದದ್ದು. ಅಂಥ ಪುಸ್ತಕವನ್ನು ಓದುವಾಗ ನಮ್ಮವರು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಆಸ್ಪತ್ರೆಯಲ್ಲಿ ರಾತ್ರಿ ಎಚ್ಚರವಿದ್ದ ನರ್ಸಮ್ಮಂದಿರು, ಕನ್ನಡದ ರೋಗಿಯ ಮಾತನ್ನು ಡಾಕ್ಟರಿಗೆ ತಿಳಿಸಿದ ಕಂಪೌಂಡರರು ಯಾರು? ಅವರ ಹೆಸರುಗಳನ್ನು ಹೇಳುವ ಪುಸ್ತಕ ಸಿಕ್ಕರೆ ಅದು ಹೆಚ್ಚಿನ ಬೆಲೆಯದು.

ಕಿಟೆಲ್ಲರ ಹೆಸರು ಕೇಳದ ಕನ್ನಡ ಕ್ರೈಸ್ತರಿಲ್ಲ. 1894ರ ಅವರ ನಿಘಂಟು ನಮ್ಮ ಹೆಮ್ಮೆ. ಆದರೆ ಧಾರವಾಡದ ರೆವರೆಂಡ್ ಚನ್ನಪ್ಪ ಉತ್ತಂಗಿಯವರ (1881-1962) ಹೆಸರನ್ನು ನಮ್ಮಲ್ಲಿ ಎಷ್ಟು ಮನೆಗಳು ಬಲ್ಲವು? ಬಾಸೆಲ್ ಮಿಷನ್ನಿನ ಈ ಸಭಾಪಾಲಕರು ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪ ಎಂಬುದು ನಿಜವಾಗಿ ಇತ್ತೇ ಎಂಬ ವಿವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥವನ್ನೇ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ನೆರೆಯವರ ಧರ್ಮದ ಚರಿತ್ರೆಯನ್ನು ಅವರಷ್ಟೇ ಆದರದಿಂದ, ಆದರೆ ದಾಖಲೆಯ ಬಲ ಬಿಡದೆ ಬರೆದ ಈ ಬಾಳು ನಮ್ಮ ಮಕ್ಕಳಿಗೆ ಪಾಠವಾಗಬೇಕು. ಹತ್ತೊಂಬತ್ತನೆಯ ಶತಮಾನದ ಕನ್ನಡ ಬರವಣಿಗೆಯನ್ನು, ಅದರಲ್ಲಿ ಮಿಷನರಿಗಳ ಪಾಲನ್ನು ಅತಿ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಇಲ್ಲದೆ ತಿಳಿಯಬಯಸುವವರಿಗೆ ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ಇಂದಿಗೂ ನೆಚ್ಚಬಹುದಾದ ಗ್ರಂಥ. ಅದನ್ನು ಆದ್ಯಂತ ಓದುವುದು ಎಲ್ಲರಿಗೂ ಆಗದು. ಬೇಕಾದ ಅಧ್ಯಾಯ ಹುಡುಕಿ ಓದಬಹುದು.

ಆತ್ಮಕಥೆಗಳಲ್ಲಿ ನಮ್ಮ ನೆಲಕ್ಕೆ ಹತ್ತಿರವಾದುದು ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರ (1919-1989) 'ಕುಂದರನಾಡಿನ ಕಂದ'. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994), ಸಿದ್ದಲಿಂಗಯ್ಯನವರ 'ಊರುಕೇರಿ' (1996) ದಲಿತರ ಬಾಳನ್ನು ದಲಿತರೇ ಹೇಳಿದ ಪುಸ್ತಕಗಳು. ಮೊದಲನೆಯದರಲ್ಲಿ ಉರಿಯಿದೆ, ಎರಡನೆಯದರಲ್ಲಿ ನಗೆಯಿದೆ. ನೋವು ಎರಡರಲ್ಲೂ ಇದೆ. ಮಕ್ಕಳಿಗೆ ಇವು ಕಹಿಯಾದಾವೆಂದು ಹೆದರಿ ಮರೆಮಾಡುವ ಹಿರಿಯರುಂಟು. ಹತ್ತನೆಯ ತರಗತಿ ದಾಟಿದ ಮಕ್ಕಳಿಗೆ ಇವನ್ನು ಕೊಡಬೇಕೆಂದೇ ನನ್ನ ಅಭಿಪ್ರಾಯ. ತಮ್ಮ ಅಜ್ಜಂದಿರು ಯಾವ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ, ಅಥವಾ ಯಾರನ್ನು ಸುಳಿಯಗೊಡಲಿಲ್ಲ, ಎಂಬುದನ್ನು ಮಕ್ಕಳು ಪುಸ್ತಕದಿಂದಲಾದರೂ ತಿಳಿಯಲಿ.

ಕೊಳ್ಳುವ ಮುನ್ನ

ಪುಸ್ತಕವನ್ನು ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಂತು ನೋಡಿದರೆ ಅದರ ಗುಣ ಬಹುಮಟ್ಟಿಗೆ ತಿಳಿಯುತ್ತದೆ. ಮೊದಲು ಬರೆದವರಾರು, ಯಾವ ವರ್ಷ ಬರೆದರು ಎಂದು ನೋಡಬೇಕು; ಹೊಸ ಮುದ್ರಣದ ವರ್ಷವನ್ನೇ ಬರೆದ ವರ್ಷವೆಂದು ತಿಳಿಯಬಾರದು. ಹೇಳಿದ ಮಾತಿಗೆ ಆಧಾರ ಕೊಟ್ಟಿದ್ದಾರೆಯೇ ನೋಡಬೇಕು. ಕಥಾನಾಯಕರ ಎದುರಾಳಿಗಳ ಪುಟವನ್ನು ತೆರೆದು ಓದಬೇಕು: ಅವರೂ ಕಾರಣವುಳ್ಳ ಮನುಷ್ಯರಾಗಿ ಕಾಣುತ್ತಾರೆಯೇ, ಬರೀ ದುಷ್ಟರಾಗಿ ಕಾಣುತ್ತಾರೆಯೇ? ಹೆಂಡತಿ, ತಾಯಿ, ಆಳು, ಜೊತೆಗಾರರಿಗೆ ಹೆಸರುಗಳಿವೆಯೇ? ಕೊನೆಗೆ, ಆ ವ್ಯಕ್ತಿ ಸೋತ ಅಥವಾ ತಪ್ಪಿದ ಒಂದು ಪ್ರಸಂಗವಾದರೂ ಇದೆಯೇ? ಚಿಕ್ಕ ಮಕ್ಕಳಿಗೆ 'ಭಾರತ-ಭಾರತಿ ಪುಸ್ತಕ ಸಂಪದ'ದಂಥ ಮಾಲೆಗಳ ಕಿರುಪುಸ್ತಕಗಳು ಒಳ್ಳೆಯ ಆರಂಭವೇ. ಸರಳ ಕನ್ನಡದಲ್ಲಿ ನೂರಾರು ಹೆಸರುಗಳನ್ನು ಅವು ಪರಿಚಯಿಸಿವೆ. ಆದರೆ ಪುಟಗಳು ಕಡಮೆಯಾದಷ್ಟೂ ಗುಣಗಳೇ ಉಳಿದು ಸಂದೇಹಗಳು ಬಿದ್ದುಹೋಗುತ್ತವೆ. ಹನ್ನೆರಡರ ವಯಸ್ಸಿಗೆ ಅವು ಸಾಕು. ಹದಿನೆಂಟಕ್ಕೂ ಅವೇ ಉಳಿದರೆ ಸಾಲದು.

ಎಲ್ಲವನ್ನೂ ಕೊಳ್ಳುವ ಶಕ್ತಿ ಎಲ್ಲ ಕುಟುಂಬಗಳಿಗಿಲ್ಲ. ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯವನ್ನೂ ಗ್ರಾಮ ಪಂಚಾಯತಿಯ ಗ್ರಂಥಾಲಯಗಳನ್ನೂ ಬಳಸಬಹುದು. ನಾಲ್ಕು ಮನೆಗಳು ಸೇರಿ ನಾಲ್ಕು ಪುಸ್ತಕ ಕೊಂಡು ತಿಂಗಳಿಗೊಮ್ಮೆ ಬದಲಿಸಿಕೊಳ್ಳಬಹುದು. ನನ್ನ ಸಲಹೆ ಇಷ್ಟು: ಜೂನ್‌ನಲ್ಲಿ ನಾಡಿನ ಅಥವಾ ಜಿಲ್ಲೆಯ ಒಂದು ಚರಿತ್ರೆ, ಜುಲೈಯಲ್ಲಿ ಒಬ್ಬ ಸಂತರ ಪತ್ರಗಳು ಅಥವಾ ಚರಿತ್ರೆ, ಆಗಸ್ಟಿನಲ್ಲಿ ನಮ್ಮ ಧರ್ಮಕ್ಕೆ ಸೇರದ ಒಬ್ಬರ ಜೀವನಚರಿತ್ರೆ, ಸೆಪ್ಟೆಂಬರ್‌ನಲ್ಲಿ ಒಂದು ಆತ್ಮಕಥೆ. ರಾತ್ರಿಯ ಊಟದ ಮೇಲೆ ಅರ್ಧ ಗಂಟೆ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಕೇಳಿದವರು ಪ್ರಶ್ನೆ ಹಾಕಲಿ. ಉತ್ತರ ಪುಸ್ತಕದಲ್ಲಿ ಇಲ್ಲದಿದ್ದರೆ ಅದನ್ನೂ ಗುರುತು ಮಾಡಿಡಲಿ.

ಇದರ ಜೊತೆಗೆ ಇನ್ನೊಂದು ಕೆಲಸವನ್ನು ಪ್ರಿಯ ಓದುಗರ ಮುಂದಿಡಬಯಸುತ್ತೇನೆ. ನಮ್ಮ ಧರ್ಮಕೇಂದ್ರಗಳ ದೀಕ್ಷಾಸ್ನಾನ, ವಿವಾಹ, ಮರಣಗಳ ದಫ್ತರಗಳಲ್ಲಿ ಹೆಸರು, ತಾರೀಖುಗಳಷ್ಟೇ ಇವೆ. ಆ ಹೆಸರುಗಳ ಹಿಂದಿನ ಬಾಳು ಹಿರಿಯರ ನೆನಪಿನಲ್ಲಿದೆ. ಕೊಲ್ಹಾಪುರ ಸಂಸ್ಥಾನದ ಕೊನೆಯ ದಿನಗಳನ್ನು ಬಾಲ್ಯದಲ್ಲಿ ಕಂಡವರು ಇಂದು ಎಂಬತ್ತು ದಾಟಿದ್ದಾರೆ. ಯಾವ ಶಾಲೆಯಲ್ಲಿ ಯಾವ ಭಾಷೆಯಲ್ಲಿ ಅಕ್ಷರ ಕಲಿತರು, ನಿಪ್ಪಾಣಿಯ ತಂಬಾಕಿನ ವಖಾರಿಗೋ ಕಬ್ಬಿನ ಕಟಾವಿಗೋ ಯಾವಾಗ ಹೋದರು, ಕಾಯಿಲೆಯಲ್ಲಿ ಮಿರಜಿನ ಹಾದಿಯನ್ನು ಹೇಗೆ ಕಳೆದರು ಎಂದು ಮೊಮ್ಮಕ್ಕಳು ಕುಳಿತು ಕೇಳಿ, ಹೇಳಿದವರ ಹೆಸರು, ದಿನಾಂಕ ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಇಬ್ಬರು ಹಿರಿಯರು ಒಂದೇ ಸಂಗತಿಯನ್ನು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಲಿ, ಯಾವುದನ್ನೂ ಅಳಿಸದಿರಲಿ. ಮುಂದಿನ ಮಳೆಗಾಲದ ಓದಿಗೆ ಅದೂ ಒಂದು ಪುಸ್ತಕವಾದೀತು.